ಸುಲಭದ ದಾರಿ ನಡೆದರೆ ನಾಚಿಕೆಯೇಕೆ?

ನಡಿಗೆಯ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ದಿನಕ್ಕೆ ಎಷ್ಟು ಕಿಲೋಮೀಟರ್? ಎಷ್ಟು ಬಿರುಸಾಗಿ? ಬೆಳಿಗ್ಗೆಯೋ, ಸಂಜೆಯೋ? ಬರಿಹೊಟ್ಟೆಯಲ್ಲೋ, ಕಾಫಿ ಕುಡಿದ ಮೇಲೋ? ಎಂಥ ದಾರಿಯಲ್ಲಿ ನಡೆಯಬೇಕು ಎಂದು ಕೇಳಿದವರು ಬಹಳ ಕಡಿಮೆ. ಕಾಲು ಗಟ್ಟಿಯಿದ್ದರೆ ಸಾಕು, ದಾರಿ ಹೇಗಾದರೂ ಇದ್ದೇ ಇರುತ್ತದೆ ಎಂಬ ಭಾವನೆ ನಮ್ಮದು. ಆದರೆ ಅರವತ್ತು ದಾಟಿದವರು ನಡಿಗೆ ಬಿಟ್ಟ ಕಾರಣವನ್ನು ಸಾವಧಾನವಾಗಿ ಕೇಳಿ ನೋಡಿ. ಹತ್ತರಲ್ಲಿ ಏಳೆಂಟು ಮಂದಿಯ ಬಾಯಲ್ಲಿ ಕೊನೆಗೆ ಬರುವುದು ಬೀಳುವ ಭಯ. ಆ ಭಯ ಹುಟ್ಟುವುದು ದಾರಿಯಿಂದಲೇ.

ಈ ಮಾತು ಈಗ ಎತ್ತಲು ಕಾರಣವಿದೆ. ಯೂರೋಪಿನಲ್ಲಿ ಚಳಿ ಇಳಿಯುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಮನೆಗೆ ಹೊರಡುತ್ತಾರೆ. ಬ್ರಸೆಲ್ಸ್, ಲ್ಯೂವೆನ್, ಐಂಡ್‌ಹೋವನ್, ಆಖೆನ್, ಫ್ರಾಂಕ್‌ಫರ್ಟ್ ಎಂಬ ಹೆಸರುಗಳು ಈಗ ನಮ್ಮ ಬಡಾವಣೆಗಳಲ್ಲಿ ಹಾಸನ, ದಾವಣಗೆರೆಯಷ್ಟೇ ಸಲೀಸು. ವೀಸಾ ಸಿಗುವುದು ತೊಂಬತ್ತು ದಿನಕ್ಕೆ. ‘ಮೂರು ತಿಂಗಳ ಮಾತ್ರೆ ಬರೆದುಕೊಡಿ’ ಎಂದು ಚೀಟಿ ಹಿಡಿದು ಬರುತ್ತಾರೆ. ಮೂರು ತಿಂಗಳು ಕಳೆದು ಬಂದಾಗ ತೂಕ ನಾಲ್ಕು ಕಿಲೋ ಏರಿರುತ್ತದೆ, ಸಕ್ಕರೆ ಹತೋಟಿ ತಪ್ಪಿರುತ್ತದೆ, ಮಂಡಿ ಬಿಗಿದಿರುತ್ತದೆ.

ಹಾಗೆ ಬಂದ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿದೆ, ‘ಅಲ್ಲಿ ನಡೀತಿರಲಿಲ್ವೇ ಮೇಷ್ಟ್ರೇ?’

‘ಎಲ್ಲಿ ನಡೀಲಿ ಡಾಕ್ಟ್ರೇ? ಮಗ ಸೊಸೆ ಕೆಲಸಕ್ಕೆ ಹೋಗ್ತಾರೆ. ನಾವಿಬ್ರೂ ಕಿಟಕಿ ಹತ್ರ ಕೂತ್ಕೊಂಡು ಟ್ರಾಮು ಎಣಿಸೋದು.’

ಪಕ್ಕದಲ್ಲಿದ್ದ ಅವರ ಪತ್ನಿ ಮೆಲ್ಲಗೆ ಹೇಳಿದರು, ‘ಒಂದು ಭಾನುವಾರ ಅದೇನೋ ಜವುಗು ಬಯಲಿಗೆ ಕರ್ಕೊಂಡು ಹೋಗಿದ್ರು. ಹಲಗೆ ಮೇಲೆ ನಡೆಯೋದು. ಅವತ್ತು ನನಗೆ ಮಂಡಿನೋವು ನೆನಪೇ ಆಗ್ಲಿಲ್ಲ ನೋಡಿ.’

‘ಅದೇನು ನಡಿಗೆ ಬಿಡೇ. ಮಕ್ಕಳ ಗಾಡಿ ತಳ್ಳೋರು ಹೋಗೋ ದಾರಿ’ ಎಂದರು ಮೇಷ್ಟ್ರು.

ಈ ‘ಅದೇನು ನಡಿಗೆ ಬಿಡಿ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು. ಸುಲಭದ ದಾರಿ ಎಂದರೆ ಕೈಲಾಗದವರ ದಾರಿ, ಬೆವರು ಸುರಿಯದ ನಡಿಗೆ ನಡಿಗೆಯೇ ಅಲ್ಲ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಆರೋಗ್ಯದ ದೃಷ್ಟಿಯಿಂದ ಇದು ತಪ್ಪು, ಅಪಾಯಕಾರಿ ಕೂಡ. ಹೇಗೆಂದು ಹೇಳುವ ಮೊದಲು ಆ ಜವುಗು ಬಯಲನ್ನು ಸ್ವಲ್ಪ ನೋಡಿಬರೋಣ. ನೋಡತಕ್ಕ ಜಾಗವೇ ಅದು.

ಬೆಲ್ಜಿಯಂನ ಪೂರ್ವದ ಅಂಚಿನಲ್ಲಿ, ಜರ್ಮನಿಯ ಗಡಿಗೆ ತಾಗಿದಂತೆ ಒಂದು ಎತ್ತರದ ಬಯಲಿದೆ. ಫ್ರೆಂಚ್ ಮಾತನಾಡುವವರು ಅದನ್ನು ಓತ್ ಫಾನ್ಯ ಎನ್ನುತ್ತಾರೆ, ಜರ್ಮನ್ ಭಾಷೆಯವರು ಹೋಹೆಸ್ ಫೆನ್ ಎನ್ನುತ್ತಾರೆ. ಎತ್ತರದ ಜವುಗು ಎಂದೇ ಅರ್ಥ. ಬೆಲ್ಜಿಯಂನ ಅತಿ ಎತ್ತರದ ಸ್ಥಳವಾದ ಬೊತ್ರಾಂಜ್ ಇರುವುದು ಇಲ್ಲಿಯೇ. ಎಷ್ಟು ಎತ್ತರ ಎನ್ನುತ್ತೀರಿ? 694 ಮೀಟರ್. ನಮ್ಮ ಬೆಂಗಳೂರು ಇದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಮೇಲಿದೆ! 700 ಮುಟ್ಟಲಿಲ್ಲವಲ್ಲ ಎಂಬ ಕೊರಗಿಗೆ 1923ರಲ್ಲಿ ಅಲ್ಲಿನವರು ಆರು ಮೀಟರಿನ ಮಣ್ಣಿನ ದಿಬ್ಬ ಎಬ್ಬಿಸಿ ಮೆಟ್ಟಿಲು ಕಟ್ಟಿಸಿಕೊಂಡರು. ಆದ್ದರಿಂದ ಬೆಟ್ಟ ಹತ್ತುವುದೆಂದು ಯಾರೂ ಹೆದರಬೇಕಿಲ್ಲ. ಕಾರಿನಲ್ಲೋ ಬಸ್ಸಿನಲ್ಲೋ ಮೇಲೆ ತಲುಪಿದರೆ ನಂತರ ಎಲ್ಲವೂ ಬಹುತೇಕ ಸಮತಟ್ಟು.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,400 ಮಿಲಿಮೀಟರ್. ಆಗುಂಬೆಯ ಮಳೆ ಕಂಡವರಿಗೆ ಇದು ತೀರಾ ಕಡಿಮೆ ಅನ್ನಿಸೀತು. ಆದರೆ ಅಲ್ಲಿನ ಮಳೆಗೆ ನಾಲ್ಕು ತಿಂಗಳ ಲೆಕ್ಕವಿಲ್ಲ, ವರ್ಷವಿಡೀ ಸುರಿಯುತ್ತದೆ. ಚಳಿ ಹೆಚ್ಚು, ಬಿಸಿಲು ಕಡಿಮೆ, ನೀರು ಇಂಗುವುದಿಲ್ಲ, ಆರುವುದೂ ಇಲ್ಲ. ಇಂಥ ನೀರಿನಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆಯುತ್ತದೆ. ಅದು ತನ್ನ ಒಣತೂಕದ ಹದಿನೈದು ಇಪ್ಪತ್ತು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಹುಳಿ ನೀರು, ಗಾಳಿಯಾಡದ ಕೆಸರು. ಸತ್ತ ಗಿಡ ಕೊಳೆಯಲಾರದು. ಹಾಗೆ ಕೊಳೆಯದೆ ಪದರ ಪದರವಾಗಿ ಕೂತ ಕಂದುಗಪ್ಪು ಮಣ್ಣಿಗೆ ಪೀಟ್ ಎಂದು ಹೆಸರು. ವರ್ಷಕ್ಕೆ ಅದು ಏರುವುದು ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಮೀಟರ್ ದಪ್ಪ ಪೀಟ್ ಎಂದರೆ ಸಾವಿರ ವರ್ಷದ ಸಂಗ್ರಹ. ಒಂದು ಬೂಟುಗಾಲು ಅದರ ಮೇಲೆ ಇಟ್ಟರೆ ಎಷ್ಟು ವರ್ಷ ತುಳಿದಂತಾಯಿತು, ನೀವೇ ಲೆಕ್ಕ ಹಾಕಿ.

ಈ ಪಾಚಿಗೂ ವೈದ್ಯಕೀಯಕ್ಕೂ ಹಳೆಯ ನಂಟು. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಕೊರತೆ ಬಂದಾಗ ಸೈನಿಕರ ಗಾಯಕ್ಕೆ ಕಟ್ಟಿದ್ದು ಇದೇ ಸ್ಫ್ಯಾಗ್ನಮ್. ಹತ್ತಿಗಿಂತ ಚೆನ್ನಾಗಿ ಕೀವು ರಕ್ತ ಹೀರುತ್ತಿತ್ತು, ಅದರ ಹುಳಿ ಗುಣದಿಂದ ಸೋಂಕೂ ತಗ್ಗುತ್ತಿತ್ತು. ಬ್ರಿಟನ್ನಿನ ಊರೂರುಗಳಲ್ಲಿ ಹೆಂಗಸರು ಮಕ್ಕಳು ಜವುಗಿಗಿಳಿದು ಪಾಚಿ ಕಿತ್ತು, ಒಣಗಿಸಿ, ಚೀಲಗಳಲ್ಲಿ ಹೊಲಿದು ಯುದ್ಧಭೂಮಿಗೆ ಕಳಿಸಿದರು.

ಒಂದು ಕಾಲಕ್ಕೆ ಈ ಬಯಲು ಎಂದರೆ ಜನಕ್ಕೆ ದಿಗಿಲು. ಮಂಜು ಕವಿದರೆ ಹತ್ತು ಮಾರು ದೂರ ಕಾಣದು. 1871ರ ಜನವರಿಯಲ್ಲಿ ಫ್ರಾಂಸ್ವಾ ರೈಫ್ ಮತ್ತು ಮರಿ ಸೊಲ್ಹೈಡ್ ಎಂಬ ಮದುವೆ ಗೊತ್ತಾದ ಜೋಡಿ, ವಧುವಿನ ಊರಿನಿಂದ ಕಾಗದಪತ್ರ ತರಲು ಈ ಬಯಲು ದಾಟಲು ಹೊರಟು ಹಿಮಪಾತದಲ್ಲಿ ಸಿಕ್ಕಿ ಸತ್ತರು. ದೇಹಗಳು ಸಿಕ್ಕಿದ್ದು ಮಾರ್ಚ್‌ನಲ್ಲಿ, ಹಿಮ ಕರಗಿದ ಮೇಲೆ. ಅವರ ನೆನಪಿನ ಶಿಲುಬೆ ಇಂದಿಗೂ ಬಯಲಲ್ಲಿ ನಿಂತಿದೆ. ಬರಾಕ್ ಮಿಶೆಲ್ ಎಂಬಲ್ಲಿನ ತಂಗುಮನೆಯವರು ಮಂಜಿನ ದಿನಗಳಲ್ಲಿ ಗಂಟೆ ಬಾರಿಸುತ್ತಿದ್ದರಂತೆ, ದಾರಿ ತಪ್ಪಿದವರು ಸದ್ದು ಹಿಡಿದು ಬರಲಿ ಎಂದು.

ಅಂಥ ಬಯಲಿನ ಬಹುಭಾಗ 1957ರಿಂದ ಸಂರಕ್ಷಿತ ನಿಸರ್ಗಧಾಮ. ವಿಸ್ತಾರ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ. ಹಿಂದೆ ಪ್ರಷ್ಯದ ಆಡಳಿತವಿದ್ದಾಗ ಜವುಗು ಬತ್ತಿಸಲು ಕಾಲುವೆ ತೋಡಿ ಸ್ಪ್ರೂಸ್ ಮರ ನೆಟ್ಟರು. 2007ರಿಂದ 2012ರವರೆಗೆ ಯೂರೋಪ್ ಒಕ್ಕೂಟದ ನೆರವಿನಿಂದ ಅದೇ ಮರ ಕಡಿದು, ಅದೇ ಕಾಲುವೆ ಮುಚ್ಚಿ, ನೀರು ಮತ್ತೆ ನಿಲ್ಲುವಂತೆ ಮಾಡಿದರು. ಒಂದು ತಲೆಮಾರು ಹಣ ಸುರಿದು ಕೆಡಿಸಿದ್ದನ್ನು ಇನ್ನೊಂದು ತಲೆಮಾರು ಹಣ ಸುರಿದು ಸರಿಪಡಿಸುವುದು. ಕೆರೆ ಮುಚ್ಚಿ ಬಡಾವಣೆ ಮಾಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ದಾರಿಯ ವಿಷಯ. ಮೋಂ ರಿಜಿ ಎಂಬಲ್ಲಿ ಹೆದ್ದಾರಿಯ ಪಕ್ಕದಿಂದಲೇ ಪೊಲ್ಯೂರ್ ಜವುಗಿನ ದಾರಿ ಶುರುವಾಗುತ್ತದೆ. ಇಡೀ ಸುತ್ತು ಸುಮಾರು ನಾಲ್ಕು ಕಿಲೋಮೀಟರ್. ಪೂರ್ತಿ ಬೇಡವೆಂದರೆ ಅದರ ಅರ್ಧದಷ್ಟರ ಚಿಕ್ಕ ಸುತ್ತೂ ಇದೆ. ಅದನ್ನು ಗಾಲಿಕುರ್ಚಿಯವರಿಗೂ ಅನುಕೂಲವಾಗುವಂತೆ ರೂಪಿಸಿದ್ದಾರೆ. ಹೆಜ್ಜೆ ಕೆಸರಿಗೆ ತಾಗದಂತೆ ಮರದ ಹಲಗೆ ಹಾಸಿದ ದಾರಿ. ನಮ್ಮ ಮಲೆನಾಡಿನ ಹಳ್ಳ ದಾಟುವ ಸಂಕವನ್ನು ಅಗಲ ಮಾಡಿ ಮೈಲಿಗಟ್ಟಲೆ ಎಳೆದರೆ ಹೇಗಿರುತ್ತದೋ ಹಾಗೆ. ಅಲ್ಲಲ್ಲಿ ಏನಿದೆ, ಏನು ನೋಡಬೇಕು ಎಂದು ತಿಳಿಸುವ ಫಲಕಗಳು. ನಡೆಯುತ್ತ ನಿಂತು ಓದುವ ನೆಪದಲ್ಲಿ ಉಸಿರು ಸುಧಾರಿಸಿಕೊಳ್ಳಬಹುದು, ಯಾರೂ ‘ಸುಸ್ತಾಯಿತೇ’ ಎಂದು ಕೇಳುವುದಿಲ್ಲ!

ಮೇ, ಜೂನ್‌ನಲ್ಲಿ ಹೋದರೆ ಹತ್ತಿಹುಲ್ಲು ಬಿಳಿಯ ಕುಚ್ಚು ತೂಗುತ್ತಿರುತ್ತದೆ, ದೂರದಿಂದ ಯಾರೋ ಹತ್ತಿ ಹಿಂಜಿ ಚೆಲ್ಲಿದಂತೆ. ಆಗಸ್ಟ್‌ನಲ್ಲಿ ಹೆದರ್ ಗಿಡ ನೇರಳೆ ಹೂ ಬಿಡುತ್ತದೆ. ಹಲಗೆಯ ಅಂಚಿನಲ್ಲಿ ಬಗ್ಗಿ ನೋಡಿದರೆ ಕೆಂಪು ಕೂದಲಿನ ತುದಿಯಲ್ಲಿ ಅಂಟುಹನಿ ಹೊತ್ತ ಡ್ರೊಸೆರಾ ಎಂಬ ಕೀಟಾಹಾರಿ ಗಿಡವೂ ಕಂಡೀತು. ಅದರ ಬಂಧುಗಳು ನಮ್ಮ ಕರಾವಳಿಯ ಮುರಕಲ್ಲಿನ ಬಯಲಲ್ಲಿಯೂ ಇವೆ. ಊರಲ್ಲಿ ನೋಡದವರು ಬೆಲ್ಜಿಯಂನಲ್ಲಿ ನೋಡಿ ಬಂದು ಊರಲ್ಲಿ ಹುಡುಕಬಹುದು.

ಸರಿ, ಈ ಎರಡು ನಾಲ್ಕು ಕಿಲೋಮೀಟರಿನಿಂದ ಆರೋಗ್ಯಕ್ಕೆ ಏನಾದೀತು?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಮಕ್ಕಳು ಕೈಗೆ ಕಟ್ಟಿಸುವ ಗಡಿಯಾರವೂ ಅದನ್ನೇ ಕೇಳುತ್ತದೆ. ಈ ಸಂಖ್ಯೆ ಯಾವ ವೈದ್ಯನೂ ಲೆಕ್ಕ ಹಾಕಿ ಹೇಳಿದ್ದಲ್ಲ. 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಇಟ್ಟ ಹೆಸರಿನಿಂದ ಬಂದದ್ದು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರ ಹೆಜ್ಜೆ ಎಣಿಸಿದ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಆಸುಪಾಸಿನ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅಷ್ಟೇ ಅಲ್ಲ, ಒಟ್ಟು ಹೆಜ್ಜೆ ಎಷ್ಟೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ವೇಗಕ್ಕೆ ಅಂಥ ಮಹತ್ವ ಉಳಿಯಲಿಲ್ಲ.

ಈಗ ಮೇಷ್ಟ್ರ ಲೆಕ್ಕ ನೋಡಿ. ಮನೆಯೊಳಗೆ ಓಡಾಡಿದರೆ ಎರಡು ಸಾವಿರ ಹೆಜ್ಜೆ ಆದೀತು. ಹಲಗೆ ದಾರಿಯ ಚಿಕ್ಕ ಸುತ್ತು ಎರಡು ಕಿಲೋಮೀಟರ್ ಎಂದುಕೊಂಡರೂ ವಯಸ್ಸಾದವರ ಹೆಜ್ಜೆಯಲ್ಲಿ ಸುಮಾರು ಮೂರು ಸಾವಿರ. ಎರಡೂ ಕೂಡಿ ಐದು ಸಾವಿರ. ಲಾಭದ ದೊಡ್ಡ ಪಾಲು ಅಲ್ಲಿಗೇ ಬಂದುಹೋಯಿತು! ಏನೂ ನಡೆಯದವನು ಸ್ವಲ್ಪ ನಡೆದರೆ ಆಗುವ ಪ್ರಯೋಜನ, ಬಹಳ ನಡೆಯುವವನು ಇನ್ನಷ್ಟು ನಡೆದರೆ ಆಗುವುದಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಸಾಕೆನ್ನುತ್ತದೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು 2020ರ ಸೂಚನೆಯಲ್ಲಿ ಕೈಬಿಟ್ಟಿದೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕೆನ್ನುತ್ತದೆ. ಸಾಧಾರಣ ಶ್ರಮ ಎಂದರೆ ಏನು? ನಡೆಯುತ್ತ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕಿಂತ ಒಳ್ಳೆಯ ಅಳತೆ ಯಾವ ಗಡಿಯಾರದಲ್ಲೂ ಇಲ್ಲ.

ಮಂಡಿ ಸವೆದವರು ನಡೆಯಬಾರದೆಂಬ ನಂಬಿಕೆಯೂ ಗಟ್ಟಿಯಾಗಿದೆ. ನಡೆಯದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಮಂಡಿಯ ಮೇಲೆ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದರೆ ನೋವು, ನೋವಾದರೆ ಮತ್ತೆ ನಡೆಯುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ಮುರಿಯಲೇಬೇಕು. ಹಳ್ಳದಿಣ್ಣೆಯ ದಾರಿಯಲ್ಲಿ, ಮೆಟ್ಟಿಲ ಮೇಲೆ ಮುರಿಯಲು ಹೋದರೆ ನೋವೇ ಗೆಲ್ಲುತ್ತದೆ. ಸಮತಟ್ಟಾದ, ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ಗೊತ್ತಿರುವ ದಾರಿಯಲ್ಲಿ ಮಾತ್ರ ಅದು ಸಾಧ್ಯ. ಮೇಷ್ಟ್ರ ಪತ್ನಿಗೆ ಮಂಡಿನೋವು ಮರೆತದ್ದರಲ್ಲಿ ಪವಾಡವೇನಿಲ್ಲ. ಕಣ್ಣು ನೆಲದ ಮೇಲೆ ನೆಟ್ಟಿರಬೇಕಾದ ಅಗತ್ಯ ತಪ್ಪಿತು, ತಲೆ ಎತ್ತಿದರು.

ಬಯಲು, ಮರ, ನೀರು ನೋಡುವುದರಿಂದಲೇ ಕಾಯಿಲೆ ವಾಸಿಯಾಗುತ್ತದೆ ಎಂಬ ದೊಡ್ಡ ಮಾತುಗಳನ್ನು ನಾನು ಒಪ್ಪುವವನಲ್ಲ. ಇಂಗ್ಲೆಂಡಿನಲ್ಲಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಗಂಟೆಯಾದರೂ ನಿಸರ್ಗದ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದು ಕಂಡುಬಂತು. ಆರೋಗ್ಯ ಚೆನ್ನಾಗಿದ್ದವರೇ ಹೊರಗೆ ಹೋಗುತ್ತಾರೆ ಎಂದೂ ಅದನ್ನು ಓದಬಹುದಲ್ಲ! ಇಷ್ಟನ್ನಂತೂ ಧೈರ್ಯವಾಗಿ ಹೇಳಬಹುದು: ನೋಡಲು ಏನಾದರೂ ಇರುವ ದಾರಿಯಲ್ಲಿ ಜನ ಹೆಚ್ಚು ಹೊತ್ತು ನಡೆಯುತ್ತಾರೆ, ಮತ್ತೆ ಬರುತ್ತಾರೆ. ಔಷಧ ಎಷ್ಟೇ ಒಳ್ಳೆಯದಿದ್ದರೂ ರೋಗಿ ಸೇವಿಸಿದರೆ ತಾನೇ ಕೆಲಸ?

ಈ ಜವುಗಿನ ಪಕ್ಕದಲ್ಲೇ ಸ್ಪಾ ಎಂಬ ಪಟ್ಟಣವಿದೆ. ಈಗ ಜಗತ್ತಿನ ದೊಡ್ಡ ಹೋಟೆಲುಗಳೆಲ್ಲ ಎಣ್ಣೆಸ್ನಾನದ ಕೋಣೆಗೆ ‘ಸ್ಪಾ’ ಎಂದು ಬೋರ್ಡು ಹಾಕಿಕೊಳ್ಳುವುದು ಈ ಊರಿನ ಹೆಸರನ್ನೇ. ಇಲ್ಲಿನ ಖನಿಜಯುಕ್ತ ಬುಗ್ಗೆಯ ನೀರಿಗಾಗಿ ರಷ್ಯದ ದೊರೆ ಮಹಾ ಪೀಟರ್ 1717ರಲ್ಲಿ ಬಂದು ತಂಗಿದ್ದ. 2021ರಲ್ಲಿ ಯುನೆಸ್ಕೊ ಯೂರೋಪಿನ ಹನ್ನೊಂದು ಸ್ನಾನಪಟ್ಟಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಸ್ಪಾ ಕೂಡ ಸೇರಿತು. ಇಲ್ಲಿ ಬಿಸಿ ಪೀಟ್ ಕೆಸರಿನಲ್ಲಿ ಮಲಗಿಸುವ ಚಿಕಿತ್ಸೆ ಹಿಂದಿನಿಂದ ಹೆಸರಾದದ್ದು. ಬಿಸಿಯಿಂದ ಕೀಲುನೋವಿಗೆ ಕೆಲವು ಗಂಟೆ ಹಿತವಾಗುವುದು ನಿಜ. ಅಜ್ಜಿ ಬಿಸಿನೀರಿನ ಶಾಖ ಕೊಟ್ಟಾಗಲೂ ಹಿತವಾಗುತ್ತಿತ್ತು. ಹೃದ್ರೋಗಿಗಳು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಇಂಥ ಬಿಸಿಸ್ನಾನಕ್ಕೆ ವೈದ್ಯರನ್ನು ಕೇಳದೆ ಇಳಿಯಬಾರದು. ನನ್ನನ್ನು ಕೇಳಿದರೆ, ಪೀಟನ್ನು ಅಗೆದು ತಂದು ಮೈಗೆ ಬಳಿದುಕೊಳ್ಳುವುದಕ್ಕಿಂತ ಅದನ್ನು ಇದ್ದಲ್ಲೇ ಬಿಟ್ಟು ಮೇಲೆ ನಡೆಯುವುದು ಮೇಲು. ನಡಿಗೆಗೆ ಟಿಕೆಟ್ಟೂ ಇಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಉಣ್ಣೆ, ಅಂದರೆ ಉಣುಗು. ನಮ್ಮ ಮಲೆನಾಡಿನವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಆ ಜವುಗು ನಿಸರ್ಗಧಾಮವಾದ ಅದೇ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಿಗೆ ಬಂತು. ಯೂರೋಪಿನ ಉಣ್ಣೆಗಳಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಕುಟುಂಬದವು. ದಕ್ಷಿಣ ಜರ್ಮನಿ, ಆಸ್ಟ್ರಿಯ ಕಡೆ ಅದಕ್ಕೆ ಲಸಿಕೆ ಹಾಕಿಸಿಕೊಳ್ಳುವುದು ರೂಢಿ. ಬೆಲ್ಜಿಯಂ ಕಡೆ ಹೆಚ್ಚಾಗಿ ಕಾಡುವುದು ಲೈಮ್ ಎಂಬ ಇನ್ನೊಂದು ರೋಗ. ಇದು ಬ್ಯಾಕ್ಟೀರಿಯದಿಂದ ಬರುವಂಥದು, ಬೇಗ ಗುರುತಿಸಿದರೆ ಪ್ರತಿಜೈವಿಕ ಔಷಧದಿಂದ ವಾಸಿಯಾಗುತ್ತದೆ.

ಹಲಗೆಯ ನಡುವೆ ನಡೆಯುವವರಿಗೆ ಉಣ್ಣೆ ಹತ್ತುವ ಸಂಭವ ಕಡಿಮೆ. ಅದು ಕಾದಿರುವುದು ಹುಲ್ಲಿನ ತುದಿಯಲ್ಲಿ. ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ತೊಡೆಸಂದಿ, ಸೊಂಟ, ಕಂಕುಳು, ಮಕ್ಕಳಾದರೆ ಕಿವಿಯ ಹಿಂದೆ, ಕೂದಲ ಬುಡ ನೋಡಿ. ಸೀರೆ ಉಟ್ಟವರು ಒಳಲಂಗದ ದಾರ ಕಟ್ಟುವ ಜಾಗವನ್ನು ಮರೆಯಬಾರದು. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು ಬೇಡ. ದಿನದೊಳಗೆ ಕಿತ್ತರೆ ಲೈಮ್ ತಗಲುವ ಅಪಾಯ ಬಹಳ ತಗ್ಗುತ್ತದೆ. ಮುಂದಿನ ಒಂದು ತಿಂಗಳಲ್ಲಿ ಆ ಜಾಗದ ಸುತ್ತ ಕೆಂಪು ಬಳೆ ಹಿಗ್ಗುತ್ತ ಹೋದರೆ, ಜ್ವರ ಬಂದರೆ ವೈದ್ಯರನ್ನು ಕಾಣಿ. ಅಷ್ಟರಲ್ಲಿ ಊರಿಗೆ ಹಿಂದಿರುಗಿದ್ದರೆ ಇಲ್ಲಿನ ವೈದ್ಯರಿಗೆ ಉಣ್ಣೆ ಕಚ್ಚಿದ್ದು ಯೂರೋಪಿನಲ್ಲಿ ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೆ ಲೈಮ್ ನೆನಪಾಗುವುದು ಕಷ್ಟ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಗ್ಲುಕೋಸೋ ಬೆಲ್ಲದ ಚೂರೋ ಇಟ್ಟುಕೊಂಡೇ ಹೊರಡಬೇಕು. ಬಯಲ ನಡುವೆ ಅಂಗಡಿ ಇರುವುದಿಲ್ಲ. ಎದೆನೋವಿನ ತೊಂದರೆ ಇದ್ದವರಿಗೆ ತಣ್ಣನೆಯ ಎದುರುಗಾಳಿ ಆಗದು. ಗಾಳಿ ಬಿರುಸಾದ ದಿನ ಮನೆಯಲ್ಲೇ ಇರಲಿ. ಹಲಗೆ ನೆನೆದಾಗ ಪಾಚಿ ಕಟ್ಟಿದ ಬಾವಿಕಟ್ಟೆಯಂತೆ ಜಾರುತ್ತದೆ. ಚಪ್ಪಲಿ, ಸವೆದ ಸ್ಯಾಂಡಲ್ ಖಂಡಿತ ಬೇಡ. ಅಟ್ಟೆಗೆ ಹಿಡಿತವಿರುವ ಷೂ, ಕಿವಿಗೆ ಮಫ್ಲರು, ಮಳೆಗೆ ಕೊಡೆಯ ಬದಲು ಮೈಗೆ ತೊಡುವ ಅಂಗಿ. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಹೊರಡುವ ಮುನ್ನ ಶೌಚಾಲಯಕ್ಕೆ ಹೋಗಿಬನ್ನಿ. ಪ್ರಾಸ್ಟೇಟ್ ತೊಂದರೆಯ ಗಂಡಸರು ಇದೊಂದೇ ಭಯಕ್ಕೆ ನೀರು ಕುಡಿಯದೆ ಹೊರಟು ತಲೆಸುತ್ತಿ ಕೂರುವುದುಂಟು.

ಕೆಂಪು ಬಾವುಟ ಹಾರಿಸಿದ್ದರೆ ಒಳಗೆ ಕಾಲಿಡುವಂತಿಲ್ಲ. ಬೆಂಕಿಯ ಅಪಾಯವಿದೆ ಎಂದು ಅದರ ಅರ್ಥ. ನೀರು ತುಂಬಿದ ಜವುಗಿಗೆ ಬೆಂಕಿಯೇ ಎಂದು ನಗಬೇಡಿ. ವಸಂತದಲ್ಲಿ ಹಿಂದಿನ ವರ್ಷದ ಹುಲ್ಲು ಒಣಗಿ ನಿಂತಿರುತ್ತದೆ. 2011ರ ಏಪ್ರಿಲ್‌ನಲ್ಲಿ ಸಾವಿರ ಹೆಕ್ಟೇರಿಗೂ ಹೆಚ್ಚು ಬಯಲು ಸುಟ್ಟಿತು. 2023ರ ಮೇ ಕೊನೆಯಲ್ಲಿ ಮತ್ತೆ ಬೆಂಕಿ ಬಿತ್ತು. ‘ಇಷ್ಟು ದೂರ ಬಂದಿದ್ದೇವೆ, ಐದು ನಿಮಿಷ ನೋಡಿಬರುತ್ತೇವೆ’ ಎಂಬ ನಮ್ಮ ಊರಿನ ವಿನಂತಿ ಅಲ್ಲಿ ನಡೆಯದು, ನಡೆಯಲೂ ಬಾರದು. ಕೆಲವು ಭಾಗಗಳಿಗೆ ಮಾರ್ಗದರ್ಶಿ ಇಲ್ಲದೆ ಪ್ರವೇಶವಿಲ್ಲ. ಕಪ್ಪು ಗ್ರೌಸ್ ಎಂಬ ಹಕ್ಕಿ ಬೆಲ್ಜಿಯಂನಲ್ಲಿ ಉಳಿದಿರುವುದು ಇಲ್ಲಿ ಮಾತ್ರ. ಅದೂ ಬೆರಳೆಣಿಕೆಗೆ ಇಳಿದು 2017ರಿಂದ ಸ್ವೀಡನ್ನಿನಿಂದ ಹಕ್ಕಿ ತಂದು ಬಿಡುತ್ತಿದ್ದಾರೆ.

ಹಲಗೆ ಹಾಸುವುದರಿಂದ ಕಾಡಿನ ಕಾಡುತನವೇ ಹೋಗುತ್ತದೆ, ಜಾತ್ರೆ ಸೇರುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಜನ ಹೆಚ್ಚುತ್ತಾರೆ ಎಂಬುದು ಸುಳ್ಳಲ್ಲ. ಆದರೆ ಹಲಗೆ ಇಲ್ಲದಿದ್ದಾಗ ಏನಾಗುತ್ತದೆ? ಕೆಸರು ತಪ್ಪಿಸಲು ಒಬ್ಬ ಎಡಕ್ಕೆ ಹೋಗುತ್ತಾನೆ, ಮತ್ತೊಬ್ಬ ಬಲಕ್ಕೆ. ಒಂದು ಕಾಲುದಾರಿ ಹತ್ತಾಗುತ್ತದೆ, ಸಾವಿರ ವರ್ಷದ ಪೀಟ್ ಕಲಸಿದ ರಾಡಿಯಾಗುತ್ತದೆ. ಹಲಗೆ ಮನುಷ್ಯನನ್ನು ಜವುಗಿನಿಂದ ಕಾಪಾಡುವಷ್ಟೇ ಜವುಗನ್ನು ಮನುಷ್ಯನಿಂದ ಕಾಪಾಡುತ್ತದೆ. ಜಗತ್ತಿನ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ ಮೂರು ಭಾಗ ಮಾತ್ರ. ಅಷ್ಟರಲ್ಲೇ ಅದು ಜಗತ್ತಿನ ಕಾಡುಗಳೆಲ್ಲ ಕೂಡಿ ಹಿಡಿದಿಟ್ಟದ್ದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟುಕೊಂಡಿದೆ. ಅದನ್ನು ಗಟ್ಟಿಮುಟ್ಟಾದ ಚಾರಣಿಗರಿಗಷ್ಟೇ ತೋರಿಸಿ, ಮಂಡಿ ಸೋತ ಅಜ್ಜಿಗೆ, ಗಾಲಿಕುರ್ಚಿಯ ಹುಡುಗನಿಗೆ ಬೇಲಿಯ ಹೊರಗೆ ನಿಲ್ಲಿ ಎನ್ನುವುದು ಯಾವ ನ್ಯಾಯ? ತೆರಿಗೆ ಅವರ ಮನೆಯಿಂದಲೂ ಹೋಗಿರುತ್ತದೆ.

ನನಗೆ ಕಾಡುವ ಚಿಂತೆ ಬೇರೊಂದಿದೆ. ಅಲ್ಲಿ ಮೂರು ತಿಂಗಳು ನಡೆದು ಕಾಲು ಹದವಾಗಿ ಬಂದವರು ಇಲ್ಲಿ ಮೂರೇ ವಾರದಲ್ಲಿ ನಿಲ್ಲಿಸುತ್ತಾರೆ. ಮನೆಯ ಗೇಟು ದಾಟಿದರೆ ಕಿತ್ತುಹೋದ ಚಪ್ಪಡಿ, ಅದರ ಮೇಲೆ ನಿಲ್ಲಿಸಿದ ಸ್ಕೂಟರು, ಮೊಣಕಾಲೆತ್ತರದ ಅಂಚು, ಮುಂದೆ ಚರಂಡಿಯ ಬಾಯಿ. ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದ ವೃದ್ಧರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಓಡಾಡುವುದೇ ಇಲ್ಲ. ಒಂದು ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ಒಂದು ಬೀದಿಗೆ ನಾಲ್ಕು ಕಲ್ಲುಬೆಂಚು ಹಾಕಿಸಬಹುದು, ಚಪ್ಪಡಿ ಸಮ ಮಾಡಿಸಬಹುದು. ಇದನ್ನು ಲೋಕೋಪಯೋಗಿ ಕೆಲಸ ಎಂದು ಬರೆಯುತ್ತಾರೆ. ಆರೋಗ್ಯದ ಲೆಕ್ಕದಲ್ಲಿ ಬರೆಯಬೇಕೆಂದು ನನ್ನ ಅಭಿಪ್ರಾಯ. ವಾರ್ಡಿನ ಸಭೆಗಳಲ್ಲಿ ಕೇಳುವವರು ಅರವತ್ತು ದಾಟಿದವರೇ ಆಗಬೇಕು, ಏಕೆಂದರೆ ಆ ಅಂಚಿನ ಎತ್ತರ ಗೊತ್ತಿರುವುದು ಅವರ ಮಂಡಿಗೆ.

ಹೋಗುವವರಿಗೆ ಕೆಲವು ವಿವರ. ಬ್ರಸೆಲ್ಸ್‌ನಿಂದ ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ, ಆಖೆನ್‌ನಿಂದ ಇನ್ನೂ ಹತ್ತಿರ. ಕಾರಿಲ್ಲದವರು ಓಯ್ಪೆನ್ ಅಥವಾ ವೆರ್ವಿಯೆಗೆ ರೈಲಿನಲ್ಲಿ ಹೋಗಿ ಬಸ್ಸು ಹಿಡಿಯಬಹುದು. ಭಾನುವಾರ ಬಸ್ಸು ಕಡಿಮೆ, ಹಿಂತಿರುಗುವ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ. ಬೊತ್ರಾಂಜ್‌ನ ನಿಸರ್ಗ ಕೇಂದ್ರದಲ್ಲಿ ಅಂದು ಯಾವ ದಾರಿ ತೆರೆದಿದೆ, ಯಾವ ಹಲಗೆ ದುರಸ್ತಿಯಲ್ಲಿದೆ ಎಂದು ತಿಳಿಸುತ್ತಾರೆ. ಗಾಲಿಕುರ್ಚಿಯವರು ಇದನ್ನು ಕೇಳಿಯೇ ಹೊರಡುವುದು ಲೇಸು. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್, ವ್ಯೂರ್ತ್ಸ್‌ಬುರ್ಗ್ ಕಡೆ ಮಕ್ಕಳಿರುವವರಿಗೆ ರ್‍ಯೋನ್ ಬೆಟ್ಟಗಳ ಶ್ವಾರ್ತ್ಸೆಸ್ ಮೋರ್ ಎಂಬ ಜವುಗಿನಲ್ಲಿ ಇಂಥದೇ ಹಲಗೆ ದಾರಿ ಇದೆ, ಕೊನೆಯಲ್ಲಿ ವೀಕ್ಷಣಾ ಗೋಪುರವೂ ಇದೆ. ಗೋಪುರ ಹತ್ತುವುದು ಮೊಮ್ಮಕ್ಕಳಿಗೆ ಬಿಡಿ. ಐರ್ಲೆಂಡಿನಲ್ಲಿರುವವರು ಆಫಲಿ ಜಿಲ್ಲೆಯ ಕ್ಲಾರಾ ಜವುಗನ್ನು ಕೇಳಿ ನೋಡಿ. ಅಲ್ಲಿನ ಸುತ್ತು ಇನ್ನೂ ಚಿಕ್ಕದು, ಮೊದಲ ದಿನಕ್ಕೆ ಅಷ್ಟೇ ಸಾಕು.